ನಿಂಬೆಯ ಘಮಕ್ಕೆ ಪುನುಗು ಬೆಕ್ಕಿನ ತೀರ್ಪು

ಬೇಸಿಗೆಯಲ್ಲಿ ಮೈಗೆ ಹಚ್ಚಿಕೊಳ್ಳಲು ಯಾರ ನಿಂಬೆಯ ಘಮ ಒಳ್ಳೆಯದೆಂದು ಹೇಳಲು ಕಾಡಿನವರು ಪುನುಗು ಬೆಕ್ಕನ್ನು ಕೂರಿಸಿದರು. ಮೈಯಲ್ಲೇ ಪುನುಗು ಇಟ್ಟುಕೊಂಡವನಿಗಿಂತ ಸುಗಂಧ ಬಲ್ಲವರು ಯಾರು ಎಂಬುದು ಎಲ್ಲರ ಮಾತು. ಗೆದ್ದವರಿಗೆ ಕೊಳದ ಬದಿಯ ಹೊಂಗೆಯ ನೆರಳು.

ಅಳಿಲು ಬೆಳಗ್ಗೆಯೇ ನಿಂಬೆ ಸಿಪ್ಪೆಯನ್ನು ಮೈಗೆಲ್ಲ ತಿಕ್ಕಿಕೊಂಡು ಬಂದಿತು. ಅದು ಹಾದುಹೋದಲ್ಲೆಲ್ಲ ಬಿಸಿಲಿಗೆ ಬಾಡಿದ್ದವರು ತಲೆಯೆತ್ತಿ, "ಆಹಾ, ಜೀವ ಬಂತು" ಎಂದರು. ನರಿ ಮಾತ್ರ ಏನನ್ನೂ ಹಚ್ಚಿಕೊಳ್ಳದೆ ದಿನವಿಡೀ ಬೆಕ್ಕಿನ ಕಾಲಡಿ ಹೊರಳಾಡುತ್ತಿತ್ತು.

ಬೆಕ್ಕು ಮೂಸಲು ಎದ್ದದ್ದು ಸಂಜೆಗೆ. "ನಿನ್ನ ಮೈಯಲ್ಲಿ ಏನೂ ಇಲ್ಲವಲ್ಲ" ಎಂದಿತು ಅಳಿಲಿಗೆ.

"ಸ್ವಾಮಿ, ನಿಂಬೆಯ ಘಮ ತಂಪು ಕೊಟ್ಟು ಹೊರಟುಹೋಗುತ್ತದೆ. ಬೆಳಗ್ಗೆಯೇ ಮೂಸಬೇಕಿತ್ತು."

"ಉಳಿಯದ್ದು ಘಮವೇ ಅಲ್ಲ" ಎಂದು ಬೆಕ್ಕು ನರಿಯ ಕತ್ತಿಗೆ ಮೂಗಿಟ್ಟಿತು. ಅಲ್ಲಿದ್ದದ್ದು ತನ್ನದೇ ಪುನುಗಿನ ವಾಸನೆ. ಕಣ್ಣು ಮುಚ್ಚಿ ಹೇಳಿತು: "ನಿಂಬೆ ಅಂದರೆ ಇದು!"

ಬೆಳಗ್ಗೆ ಜೀವ ಬಂತೆಂದವರೆಲ್ಲ ಮೂಗು ಮುಚ್ಚಿಕೊಂಡೇ ಹೌದೆಂದು ತಲೆಯಾಡಿಸಿದರು.

ಹೊಂಗೆಯ ನೆರಳು ನರಿಗೆ ಹೋಯಿತು. ಆ ಬೇಸಿಗೆಯ ಬಿಸಿಲಿಗೆ ಅಳಿಲಿನ ಮರಿಗಳಲ್ಲಿ ಒಂದೇ ಉಳಿಯಿತು.

ಮರುವರ್ಷ ಗೆದ್ದು ಹೊಂಗೆಯ ನೆರಳಲ್ಲಿ ಕೂತಿದ್ದದ್ದು ಅಳಿಲೇ. ಮೊಲವೊಂದು ನಿಂಬೆ ಸಿಪ್ಪೆ ಹಿಡಿದು ಬಂದು, "ಅಕ್ಕಾ, ಮುಂದಿನ ಸಲ ನಾನು ಗೆಲ್ಲಬೇಕಾದರೆ ಇದನ್ನು ಹೇಗೆ ಹಚ್ಚಿಕೊಳ್ಳಲಿ?" ಎಂದು ಕೇಳಿತು.

ಅಳಿಲು ಸಿಪ್ಪೆಯನ್ನೊಮ್ಮೆ ಆಸೆಯಿಂದ ಮೂಸಿತು. ಆಮೇಲೆ ಮರಿಯನ್ನು ಇನ್ನಷ್ಟು ನೆರಳಿಗೆ ಎಳೆದುಕೊಂಡು ಹೇಳಿತು: "ಅದನ್ನು ಬಿಸಾಕು. ಹೋಗಿ ಬೆಕ್ಕಿನ ಕಾಲಡಿ ಹೊರಳಾಡು. ನಿಂಬೆ ಸಿಗುವುದು ಅಲ್ಲೇ."