ಗಿಳಿಯ ಒತ್ತು

ಪಾರಿಜಾತ ಅನ್ನೋ ಗಿಳಿ ಟೀಚರ್ ಆಗೋಕೆ ಓದ್ತಿತ್ತು. ಅವತ್ತು ಅದರ ಕೊನೇ ಪ್ರಾಕ್ಟೀಸ್ ಪಾಠ, ಫೇಲಾದ್ರೆ ಇನ್ನೊಂದು ವರ್ಷ ಓದ್ಬೇಕು. ಮಾರ್ಕ್ಸ್ ಹಾಕೋಕೆ ಆಮೆ ಮೇಷ್ಟ್ರು ಹಿಂದಿನ ಬೆಂಚಲ್ಲಿ ಕೂತಿದ್ರು. ಗೋಡೆ ಮೇಲೆ, ಮುಟ್ಟಿದ್ರೆ ಅಕ್ಷರ ಮೂಡೋ ಹೊಸ ಬೋರ್ಡು.

"ಗುಬ್ಬಿಮರಿ, ಬಾ, 'ಅಕ್ಕ' ಬರಿ," ಅಂತು ಗಿಳಿ.

ಗುಬ್ಬಿಮರಿ ಕೊಕ್ಕಿಂದ 'ಅ' ಮುಟ್ಟಿತು, 'ಕ' ಮುಟ್ಟಿತು.

"ಈಗ 'ಕ'ಕ್ಕೆ 'ಕ' ಒತ್ತು."

ಮರಿ ಒತ್ತಿತು. 'ಅಕಕ' ಅಂತ ಬಂತು.

"ಹಾಗಲ್ಲ ಕಣೋ. ಒತ್ತು."

'ಅಕಕಕ'.

"ಒತ್ತು ಅಂದ್ರೆ ಒತ್ತು," ಗಿಳಿ ಕಿರುಚಿತು.

'ಅಕಕಕಕಕಕ'.

ಬೋರ್ಡಿಗೆ ತಡ್ಕೊಳ್ಳೋಕೆ ಆಗ್ಲಿಲ್ಲ. "ಅಮ್ಮಾ ತಾಯಿ, ಅವನು ಒತ್ತುತ್ತಾನೇ ಇದ್ದಾನಲ್ಲ. ನನ್ ಮೈಯೆಲ್ಲ ನೋವು."

"ಆ ಒತ್ತಲ್ಲ. ಅಕ್ಷರದ ಕೆಳಗೆ ಬರೋ ಒತ್ತು."

"ಹಾಗಾದ್ರೆ ಹೇಗೆ ಅಂತ ತೋರ್ಸಿ," ಅಂತು ಬೋರ್ಡು.

ಗಿಳಿ ಮತ್ತೆ 'ಒತ್ತು' ಅನ್ನೋಕೆ ಬಾಯಿ ತೆರೀತು. ಗುಬ್ಬಿಮರಿ ಕಣ್ಣಲ್ಲಿ ನೀರು ತುಂಬಿತ್ತು. ಗಿಳಿ ಬಾಯಿ ಮುಚ್ಕೊಂಡು ಬೋರ್ಡಿನ ಹತ್ರ ಹೋಯ್ತು.

"ನಂಗೇ ಗೊತ್ತಿಲ್ಲ," ಅಂತು ಮೆಲ್ಲಗೆ. "ನಿನ್ ಮೇಲೆ ಒತ್ತಕ್ಷರ ಹೇಗೆ ಬರಿಯೋದು?"

"ಇದನ್ನ ಆಗ್ಲೇ ಕೇಳೋಕೆ ಏನಾಗಿತ್ತು? ಎರಡು 'ಕ' ಮಧ್ಯೆ, ನನ್ ಮೂಲೇಲಿರೋ ಕೊಕ್ಕೆ ಗುರುತು ಮುಟ್ಟಿ, ಒತ್ತು ಆಗುತ್ತೆ."

ಗಿಳಿ ಹಳೇದನ್ನ ಅಳಿಸಿ ತೋರಿಸ್ತು, ಗುಬ್ಬಿಮರಿ ಮುಟ್ಟಿತು. 'ಅಕ್ಕ' ಅಂತ ಬಂತು. ಮರಿ ಕಣ್ಣೊರೆಸ್ಕೊಂಡು ಕುಣೀತು.

ಆಮೆ ಮೇಷ್ಟ್ರು ನಿಧಾನಕ್ಕೆ ಪೆನ್ ತೆಗೆದು ಗಿಳಿಯ ಪುಸ್ತಕದಲ್ಲಿ ಬರೆದ್ರು: "ಮೂರು ಸಲ ಹೇಳಿದ್ದಕ್ಕೆ ಸೊನ್ನೆ. ಒಂದು ಸಲ ಕೇಳಿದ್ದಕ್ಕೆ ಪಾಸು."