ಚಿಪ್ಪಿನ ಓಟ, ಫ್ಯಾನಿನ ಉಸಿರು

ಅಗ್ಗದ ಕಂಪ್ಯೂಟರ್ ಡಬ್ಬಿಯೊಳಗೆ ಲೆಕ್ಕ ಮಾಡೋ ಚಿಪ್ಪು, ಅದರ ನೆತ್ತಿಗೆ ಗಾಳಿ ಬೀಸೋ ಪುಟ್ಟ ಫ್ಯಾನು ಬಾಳ್ವೆ ಮಾಡ್ತಿದ್ದವು. ಒಂದಿನ ಯಜಮಾನ ಚಂದ್ರಯ್ಯ ಚಿಪ್ಪಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಮೇಲಕ್ಕೇರಿಸಿದ. ಅಬ್ಬಬ್ಬಾ, ಅದರ ಓಟವೇ ಓಟ!

"ನೋಡಿದೆಯಾ ಅಕ್ಕಾ, ದುಬಾರಿ ಕಂಪ್ಯೂಟರನ್ನೂ ಹಿಂದೆ ಹಾಕ್ತೀನಿ!" ಅಂದಿತು ಚಿಪ್ಪು.

"ಓಡು ತಮ್ಮಾ, ನಾನು ಬೀಸ್ತೀನಿ," ಅನ್ನುತ್ತಾ ಫ್ಯಾನು ಗರಗರ ತಿರುಗಿತು. ಚಿಪ್ಪು ಕಾದ ಹಂಚಾಯಿತು, ಫ್ಯಾನಿನ ದನಿ ಕೀರಲಾಯಿತು.

"ಅಕ್ಕಾ, ಯಾಕೆ ನಡುಗ್ತೀಯಾ?"

"ನಾನು ನಿನ್ನ ಹಳೇ ಓಟಕ್ಕೆ ಹುಟ್ಟಿದೋಳು. ನಾನು ಮುರಿದುಬಿದ್ರೂ ನೀನು ನಿಲ್ಲಬೇಡ."

ಚಿಪ್ಪು ಆ ಕ್ಷಣವೇ ತಾನಾಗಿ ವೇಗ ಇಳಿಸಿತು.

ಫ್ಯಾನು ಬೆರಗಾಯಿತು. "ಓಟ ನೋಡಿ ಕಣ್ಣರಳಿಸಿದ್ದೆ ತಮ್ಮಾ. ಈಗ ನೀನು ನನಗೋಸ್ಕರ ನಿಧಾನಿಸಿದ್ದು ನೋಡಿ ರೆಕ್ಕೆ ಜೋಡಿಸಿ ಕೈಮುಗಿಯೋಣ ಅನ್ನಿಸ್ತಿದೆ."

"ಬೇಡಕ್ಕಾ, ಕೈಮುಗಿಯೋಕೆ ನಿಂತುಬಿಟ್ಟೀಯಾ!" ಅಂದಿತು ಚಿಪ್ಪು. "ನೀನು ಬೀಸಿದರೇ ನಾನು."