ಪಾಳೆಯಗಾರನಿಗೆ ಮಾವುತ ಕಲಿಸಿದ ಪಾಠ

ಪಾಳೆಯಗಾರ ತಿಪ್ಪಣ್ಣನಾಯಕನ ಬಾಯಿಗೆ ಹೆದರದವರೇ ಇರಲಿಲ್ಲ. ಒಂದು ದಿನ ಅವನು ಮಾವುತ ಮಸಣನನ್ನು ಕರೆಸಿದ.

"ಇನ್ನೊಬ್ಬರ ಮನಸ್ಸು ಅರಿಯೋದನ್ನೂ ಕಲಿಸಬಹುದು ಅಂದೆಯಂತೆ. ಅದು ಹುಟ್ಟಿನಿಂದ ಬರಬೇಕು ಕಣೋ! ಏಳು ದಿನದಲ್ಲಿ ನನಗೆ ಕಲಿಸು. ಇಲ್ಲದಿದ್ದರೆ ಊರು ಬಿಡು."

"ಆಗಲಿ ಬುದ್ಧಿ. ಹೊಸದಾಗಿ ಹಿಡಿದ ಹೆಣ್ಣಾನೆ ಮೇವು ಮುಟ್ಟುತ್ತಿಲ್ಲ. ದಿನಾ ತಾವೇ ಅದಕ್ಕೆ ಕಬ್ಬು ತಿನ್ನಿಸಬೇಕು."

ಮೊದಲ ದಿನ ನಾಯಕ ಗದರಿದ. ಆನೆ ಬೆನ್ನು ತಿರುಗಿಸಿತು. ಆನೆಗೆ ಪಾಳೆಯಗಾರನೇನು, ಪೇದೆಯೇನು? ಸೋತ ನಾಯಕ ಸುಮ್ಮನೆ ಕೂತು ಅದನ್ನೇ ನೋಡತೊಡಗಿದ. ಕಿವಿ ನಿಂತರೆ ಭಯ, ಬೀಸಿದರೆ ನೆಮ್ಮದಿ ಎಂದು ತಿಳಿಯಿತು. ಆರನೆಯ ದಿನ ಆನೆ ಅವನ ಕೈಯಿಂದಲೇ ಕಬ್ಬು ತಿಂದಿತು.

ಏಳನೆಯ ದಿನ ಅವನು ಸಭೆಯಲ್ಲಿ ಗುಡುಗಿದ: "ನನ್ನಿಂದ ಆನೆ ಮೇಯಿಸಿಕೊಂಡೆಯಲ್ಲೋ! ಏನು ಕಲಿಸಿದೆ?"

ಅಷ್ಟರಲ್ಲಿ ಅವನ ಕಣ್ಣು ಮಸಣನ ಮುಖದ ಮೇಲೆ ನಿಂತಿತು. ದನಿ ತಾನಾಗಿ ತಗ್ಗಿತು. "ಯಾಕೋ ಸೊರಗಿದ್ದೀಯ? ಮನೆಯಲ್ಲಿ ಏನಾಗಿದೆ?"

"ಮಗಳಿಗೆ ನಾಲ್ಕು ದಿನದಿಂದ ಜ್ವರ ಬುದ್ಧಿ. ತಾವು ದಿನಾ ಆನೆಯ ಬಳಿ ನನ್ನನ್ನು ನೋಡುತ್ತಿದ್ದಿರಿ. ಕೇಳಿದ್ದು ಇವತ್ತು. ನಾನು ಕಲಿಸಬೇಕಾದದ್ದು ಇಷ್ಟೇ."

ನಾಯಕ ಬೆರಗಾಗಿ ಎದ್ದು ನಿಂತ. ಆಮೇಲೆ ವೈದ್ಯರಿಗೆ ತನ್ನ ಪಲ್ಲಕ್ಕಿಯನ್ನೇ ಕಳಿಸಿ, ಮಸಣನ ಹಿಂದೆ ಅವನ ಗುಡಿಸಲಿಗೆ ನಡೆದೇ ಹೋದ. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು.